ರಜೆಯ ಬಿಸಿಲಿನಲ್ಲಿ ಸೂರ್ಯದರ್ಶನ

ಬೇಸಿಗೆಯ ರಜೆ ಆರಂಭವಾಯಿತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಎರಡು ದೃಶ್ಯಗಳು ಒಮ್ಮೆಲೇ ಕಾಣಿಸಿಕೊಳ್ಳುತ್ತವೆ. ಒಂದು, ಮಾಳಿಗೆಯ ಮೇಲೆ ಒಣಗಲು ಹರಡಿದ ಹಪ್ಪಳ-ಸಂಡಿಗೆಗಳು. ಮತ್ತೊಂದು, ಅವುಗಳನ್ನು ಕಾಗೆಗಳಿಂದ ಕಾಯಲು ನೇಮಕಗೊಂಡು, ಕಾಗೆಗಳಿಗೆ ಕಷ್ಟ ಕೊಡಬಾರದೆಂದು ತಾವೇ ಅರ್ಧ ತಿಂದು ಮುಗಿಸುವ ಮಕ್ಕಳು. ಹತ್ತು ಗಂಟೆಯಾಗುತ್ತಲೇ ಬಿಸಿಲು ಏರುತ್ತದೆ. ಹಿರಿಯರು ಮಕ್ಕಳನ್ನು ಒಳಗೆ ಕರೆಯುತ್ತಾರೆ. ಅನಂತರ ಸಂಜೆಯವರೆಗೂ ಕಾಯುವ ಕೆಲಸ. ಉಣಕಲ್ ಕೆರೆಯ ದಂಡೆಯಾಗಲಿ, ನೃಪತುಂಗ ಬೆಟ್ಟವಾಗಲಿ, ಧಾರವಾಡದ ಸಾಧನಕೇರಿಯಾಗಲಿ ಸೂರ್ಯನು ಇಳಿದ ಮೇಲೆಯೇ ಜನರನ್ನು ಕೈಬೀಸಿ ಕರೆಯುತ್ತವೆ.

ಮನೆಯಲ್ಲಿ ಒಂದು ಪುಟ್ಟ ದೂರದರ್ಶಕವಿದ್ದರೂ ಅದರ ಗತಿ ಇದೇ. ಹುಟ್ಟುಹಬ್ಬಕ್ಕೋ ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೋ ಬಹುಮಾನವಾಗಿ ಬಂದ ಆ ಉಪಕರಣದಲ್ಲಿ ಮಕ್ಕಳು ಚಂದ್ರನ ಕುಳಿಗಳನ್ನು ನೋಡುತ್ತಾರೆ, ಗುರುವಿನ ನಾಲ್ಕು ಉಪಗ್ರಹಗಳನ್ನು ಎಣಿಸುತ್ತಾರೆ. ಬೆಳಗಾಯಿತೆಂದರೆ ಅದು ಬಟ್ಟೆ ಹೊದ್ದು ಮೂಲೆ ಸೇರುತ್ತದೆ. ಹಗಲು ನಕ್ಷತ್ರ ಕಾಣುವುದಿಲ್ಲವೆಂಬುದು ಎಲ್ಲರ ನಂಬಿಕೆ. ಆದರೆ ನಕ್ಷತ್ರಗಳಲ್ಲೆಲ್ಲ ನಮಗೆ ಅತ್ಯಂತ ಸಮೀಪದಲ್ಲಿರುವುದು ಹಗಲಿನಲ್ಲಿಯೇ ಕಾಣುತ್ತದೆಂಬುದನ್ನು ನೆನೆಯುವವರು ವಿರಳ. ಸೂರ್ಯನು ಭೂಮಿಯಿಂದ ಸುಮಾರು ೧೫ ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಅವನ ಬೆಳಕು ೮ ನಿಮಿಷ ೨೦ ಸೆಕೆಂಡುಗಳಲ್ಲಿ ನಮ್ಮ ಅಂಗಳಕ್ಕೆ ಬಂದಿಳಿಯುತ್ತದೆ. ಅವನನ್ನು ಬಿಟ್ಟರೆ ಮುಂದಿನ ನಕ್ಷತ್ರದ ಬೆಳಕಿಗೆ ನಾಲ್ಕು ವರ್ಷಗಳಿಗೂ ಹೆಚ್ಚು ಪ್ರಯಾಣ. ಉಳಿದ ನಕ್ಷತ್ರಗಳೆಲ್ಲ ಮನೆಯ ದೂರದರ್ಶಕದಲ್ಲಿ ಬರಿಯ ಚುಕ್ಕಿಗಳು. ಮುಖವನ್ನು ತೋರುವ ನಕ್ಷತ್ರ ಇವನೊಬ್ಬನೇ.

ಆದರೆ ಈ ಮುಖವನ್ನು ನೇರವಾಗಿ ನೋಡುವಂತಿಲ್ಲ. ಇಲ್ಲಿ ಒಂದು ಮಾತನ್ನು ತಂದೆತಾಯಿಗಳು ಎಲ್ಲಕ್ಕಿಂತ ಮೊದಲು ಓದಿಕೊಳ್ಳಬೇಕು. ಬಿಸಿಲಿನಲ್ಲಿ ಮನುಷ್ಯನ ಕಣ್ಣಿನ ಪಾಪೆ ಕುಗ್ಗಿ ಎರಡು-ಮೂರು ಮಿಲಿಮೀಟರುಗಳಷ್ಟೇ ಉಳಿಯುತ್ತದೆ. ೬೦ ಮಿಲಿಮೀಟರ್ ಅಗಲದ ಮಸೂರವು ಅದಕ್ಕಿಂತ ಕನಿಷ್ಠ ೪೦೦ ಪಟ್ಟು ಬೆಳಕನ್ನು ಸಂಗ್ರಹಿಸಿ ಒಂದು ಬಿಂದುವಿನತ್ತ ತರುತ್ತದೆ. ಭೂತಗನ್ನಡಿಯಿಂದ ಕಾಗದ ಸುಟ್ಟ ಹುಡುಗರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದಕ್ಕೆ ಬದಲಾಗಿ ಅಲ್ಲಿ ಕಣ್ಣಿದ್ದರೆ ಕ್ಷಣಮಾತ್ರದಲ್ಲಿ ಅದರ ಒಳಪರದೆ ಸುಟ್ಟುಹೋಗುತ್ತದೆ. ಇನ್ನೂ ಭಯಂಕರವಾದ ಸಂಗತಿಯೆಂದರೆ, ಆ ಪರದೆಗೆ ನೋವನ್ನರಿಯುವ ನರಗಳಿಲ್ಲ. ಸುಡುವಾಗ ಮಗು ಅಳುವುದಿಲ್ಲ. ಕೆಲವು ಗಂಟೆಗಳ ಅನಂತರ ನೋಟದ ನಡುವೆ ಕತ್ತಲೆ ಕಾಣಿಸಿಕೊಂಡಾಗಲೇ ಅನಾಹುತ ತಿಳಿಯುವುದು. ಆಗ ಬಹುಮಟ್ಟಿಗೆ ಮಾಡಬಹುದಾದುದೇನೂ ಉಳಿದಿರುವುದಿಲ್ಲ.

ಮಸಿ ಹಿಡಿದ ಗಾಜು, ಎಕ್ಸ್‌-ರೇ ಹಾಳೆ, ತಂಪು ಕನ್ನಡಕ ಇವಾವುವೂ ರಕ್ಷಣೆ ನೀಡಲಾರವು. ಕಣ್ಣಿಗೆ ಕಾಣುವ ಬೆಳಕನ್ನು ಅವು ಮಂದಗೊಳಿಸಿದರೂ ಕಾಣದ ಕಿರಣಗಳನ್ನು ಒಳಗೆ ಬಿಡಬಹುದು. ಗೋಮಯ ಕಲಸಿದ ನೀರಿನಲ್ಲಿ ಗ್ರಹಣವನ್ನು ನೋಡುವ ನಮ್ಮ ಹಿರಿಯರ ರೂಢಿಯು ನೇರ ನೋಟಕ್ಕಿಂತ ಮೇಲಾದರೂ ಪೂರ್ಣ ಸುರಕ್ಷಿತವಲ್ಲ. ಕೆಲವು ಅಗ್ಗದ ದೂರದರ್ಶಕಗಳೊಡನೆ ನೇತ್ರಮಸೂರಕ್ಕೆ ತಿರುಚಿ ಕೂಡಿಸುವ ಕಪ್ಪು ಗಾಜಿನ ಬಿಲ್ಲೆಯೊಂದು ಬರುವುದುಂಟು. ಅದನ್ನು ಬಳಸಲೇಕೂಡದು. ಒಟ್ಟುಗೂಡಿದ ಶಾಖಕ್ಕೆ ಅದು ನೋಡುತ್ತಿರುವಾಗಲೇ ಬಿರಿಯಬಹುದು. ಶೋಧಕವು ದೂರದರ್ಶಕದ ಮುಂಭಾಗದಲ್ಲಿ, ಬೆಳಕು ಒಳಗೆ ಬರುವುದಕ್ಕೆ ಮೊದಲೇ, ಪೂರ್ತಿ ಬಾಯಿಯನ್ನು ಮುಚ್ಚುವಂತಿರಬೇಕು. ಅದೂ ಸೂರ್ಯವೀಕ್ಷಣೆಗೆಂದೇ ಮಾಡಿದುದಾಗಿರಬೇಕು.

ಮನೆಮಂದಿಗೆಲ್ಲ ಒಟ್ಟಿಗೆ ನೋಡಲು ಇದಕ್ಕಿಂತಲೂ ಉತ್ತಮವಾದ ಉಪಾಯವೊಂದು ನಾಲ್ಕು ಶತಮಾನಗಳಿಂದ ಬಳಕೆಯಲ್ಲಿದೆ. ಸೂರ್ಯನನ್ನು ನಾವು ನೋಡಹೋಗುವುದರ ಬದಲು, ಅವನನ್ನೇ ಕಾಗದದ ಮೇಲೆ ಇಳಿಸುವುದು. ಗೆಲಿಲಿಯೋ ೧೬೧೨ರಲ್ಲಿ ಸೂರ್ಯನ ಚಿತ್ರಗಳನ್ನು ಬರೆದುದು ಹೀಗೆಯೇ. ಮುಂದುಗಡೆ ಮಸೂರವಿರುವ ಸರಳ ದೂರದರ್ಶಕ ಇದಕ್ಕೆ ತಕ್ಕದು; ಕನ್ನಡಿಯುಳ್ಳ ದೊಡ್ಡ ಉಪಕರಣಗಳು ಒಳಗೇ ಬಿಸಿಯೇರಿ ಕೆಡಬಹುದು. ಪಕ್ಕದಲ್ಲಿರುವ ಸಣ್ಣ ಗುರಿಕೊಳವೆಯನ್ನು ತೆಗೆದಿಡಬೇಕು, ಇಲ್ಲವೆ ಮುಚ್ಚಬೇಕು. ಸೂರ್ಯನತ್ತ ತಿರುಗಿಸುವಾಗ ಕೊಳವೆಯೊಳಗೆ ಇಣುಕಿ ನೋಡುವ ಅಗತ್ಯವೇ ಇಲ್ಲ. ನೆಲದ ಮೇಲೆ ಬಿದ್ದ ಕೊಳವೆಯ ನೆರಳನ್ನು ನೋಡುತ್ತ ತಿರುಗಿಸಿದರಾಯಿತು. ನೆರಳು ಕುಗ್ಗಿ ಕುಗ್ಗಿ ಅತ್ಯಂತ ಚಿಕ್ಕದಾದಾಗ ಗುರಿ ಸರಿಯಾಯಿತೆಂದು ತಿಳಿಯಬೇಕು. ನೇತ್ರಮಸೂರದಿಂದ ಒಂದು ಅಡಿಯಷ್ಟು ಹಿಂದೆ ಬಿಳಿಯ ಕಾಗದ ಹಿಡಿದರೆ ದುಂಡನೆಯ ಬೆಳಕಿನ ಬಿಲ್ಲೆ ಅದರ ಮೇಲೆ ಮೂಡುತ್ತದೆ. ೭೦೦ ಮಿಲಿಮೀಟರ್ ಸಂಗಮದೂರದ ದೂರದರ್ಶಕಕ್ಕೆ ೨೦ ಮಿಲಿಮೀಟರಿನ ನೇತ್ರಮಸೂರವನ್ನು ಹಾಕಿದರೆ ಆ ಬಿಲ್ಲೆಯ ಅಗಲ ಸುಮಾರು ೯ ಸೆಂಟಿಮೀಟರ್ ಆಗುತ್ತದೆ. ಕಾಗದದ ಸುತ್ತ ರಟ್ಟಿನ ಮರೆ ಮಾಡಿದರೆ ಚಿತ್ರ ಇನ್ನಷ್ಟು ಸ್ಫುಟ.

ಈ ಕೆಲಸಕ್ಕೆ ಬೆಳಗಿನ ಎಂಟು-ಒಂಬತ್ತು ಗಂಟೆಯ ಹೊತ್ತು ಶ್ರೇಷ್ಠ. ಮಾಳಿಗೆ ಕಾಯ್ದ ಮೇಲೆ ಗಾಳಿಯು ನಡುಗಿ, ಬಿಂಬವು ಕುದಿಯುವ ನೀರಿನಂತೆ ತಳಮಳಿಸುತ್ತದೆ. ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಿಟ್ಟು ಹಿರಿಯರು ಅತ್ತಿತ್ತ ಹೋಗುವಂತಿಲ್ಲ. ಕಾಫಿಯ ಕರೆ ಬಂದರೂ ಮೊದಲು ಮುಚ್ಚಳ, ಅನಂತರ ಕಾಫಿ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮೇ ತಿಂಗಳಿನ ಒಂದು ಬೆಳಗು. ತಂದೆ ದೂರದರ್ಶಕವನ್ನು ಹಿಡಿದು ನಿಂತಿದ್ದಾನೆ. ಹನ್ನೊಂದು ವರ್ಷದ ಮಗ ರಟ್ಟಿನ ಮೇಲೆ ಕಾಗದ ಹಚ್ಚಿ ಬಿಂಬವನ್ನು ಹಿಡಿದಿದ್ದಾನೆ. ಸಂಡಿಗೆಯ ತಟ್ಟೆಯೊಡನೆ ಮೇಲೆ ಬಂದ ಅಜ್ಜಿಗೆ ಮೊಮ್ಮಗನ ಕೂಗು ಕೇಳಿಸುತ್ತದೆ.

“ಅಜ್ಜೀ, ಲಗೂ ಬಾ! ಸೂರ್ಯಾಗ ಕಪ್ಪ ಚುಕ್ಕಿ ಅದಾವ!”

“ಸೂರ್ಯನಾರಾಯಣಗ ಎಲ್ಲೀ ಚುಕ್ಕಿನೋ ತಮ್ಮಾ? ಕಾಗದಕ್ಕ ಹತ್ತಿದ ಹೊಲಸಿರಬೇಕು, ಒರಸಿ ನೋಡು.”

ಹುಡುಗ ಒರಸುತ್ತಾನೆ. ಚುಕ್ಕಿ ಹೋಗುವುದಿಲ್ಲ. ಕಾಗದವನ್ನೇ ಮೆಲ್ಲನೆ ಅಲುಗಾಡಿಸುತ್ತಾನೆ. ಕಾಗದದ ಕಲೆಯಾಗಿದ್ದರೆ ಅದರೊಡನೆ ಸರಿಯಬೇಕಾಗಿತ್ತು, ಸರಿಯುವುದಿಲ್ಲ. ತಂದೆ ನೇತ್ರಮಸೂರವನ್ನು ತುಸು ತಿರುಗಿಸುತ್ತಾನೆ. ಗಾಜಿನ ಧೂಳಾಗಿದ್ದರೆ ಅದೂ ತಿರುಗಬೇಕಾಗಿತ್ತು, ತಿರುಗುವುದಿಲ್ಲ. ಅಷ್ಟರಲ್ಲಿ ಬಿಂಬವೇ ಕಾಗದದ ಅಂಚಿನತ್ತ ಜಾರತೊಡಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಎರಡು ನಿಮಿಷಗಳಿಗೊಮ್ಮೆ ಸೂರ್ಯನು ತನ್ನ ಅಗಲದಷ್ಟು ದೂರ ಸರಿಯುತ್ತಾನೆ. ಅವನೊಡನೆ ಚುಕ್ಕಿಗಳೂ ಸಾಗುತ್ತವೆ. ಅಜ್ಜಿ ಕನ್ನಡಕವನ್ನು ಸೆರಗಿನಿಂದ ಒರಸಿಕೊಂಡು ಬಾಗಿ ನೋಡುತ್ತಾಳೆ. ಮೂರು ಪರೀಕ್ಷೆಗಳೂ ಮುಗಿದ ಮೇಲೆ ವಾದಕ್ಕೆ ಎಡೆಯಿಲ್ಲ. ಚುಕ್ಕಿಗಳಿರುವುದು ಸೂರ್ಯನಲ್ಲಿಯೇ.

ಇವೇ ಸೂರ್ಯಕಲೆಗಳು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು ೫,೫೦೦ ಡಿಗ್ರಿ ಸೆಲ್ಸಿಯಸ್. ಕಲೆಗಳ ಒಡಲಿನಲ್ಲಿ ಅದು ೩,೫೦೦-೪,೦೦೦ ಡಿಗ್ರಿಗೆ ಇಳಿದಿರುತ್ತದೆ. ಅಲ್ಲಿ ಬಲವಾದ ಕಾಂತಕ್ಷೇತ್ರವು ಒಳಗಿನಿಂದ ಶಾಖ ಮೇಲೇಳದಂತೆ ತಡೆಯುತ್ತದೆ. ಕಲೆ ಕಪ್ಪಾಗಿ ತೋರುವುದು ನೆರೆಯ ಪ್ರಖರತೆಯೆದುರು ಮಾತ್ರ. ಅದನ್ನೊಂದನ್ನೇ ಬೇರ್ಪಡಿಸಿ ರಾತ್ರಿಯ ಆಕಾಶದಲ್ಲಿಟ್ಟರೆ ಕಣ್ಣು ಕೋರೈಸುವಂತೆ ಹೊಳೆದೀತು. ಇನ್ನು ಅದರ ಗಾತ್ರ. ಸೂರ್ಯನ ಅಡ್ಡಳತೆ ಭೂಮಿಯ ೧೦೯ ಪಟ್ಟು. ಒಂಬತ್ತು ಸೆಂಟಿಮೀಟರಿನ ಬಿಂಬದಲ್ಲಿ ಭೂಮಿಯನ್ನು ಗುರುತಿಸಬೇಕೆಂದರೆ ಒಂದು ಮಿಲಿಮೀಟರಿಗೂ ಕಡಮೆಯಾದ ಚುಕ್ಕಿ ಸಾಕು. ಹುಡುಗನು ಪೆನ್ಸಿಲಿನ ಮೊನೆಯಿಂದ ಮುಟ್ಟಿ ತೋರಿಸಿದ ಆ ಪುಟ್ಟ ಕಪ್ಪು ಕಣದಲ್ಲಿ ಹುಬ್ಬಳ್ಳಿ, ಧಾರವಾಡ, ಏಳು ಸಮುದ್ರಗಳು ಎಲ್ಲವೂ ಅಡಗಿಹೋಗುತ್ತವೆ.

ರಜೆಯ ದಿನಗಳಿಗೂ ಈ ಕಲೆಗಳಿಗೂ ವಿಚಿತ್ರವಾದ ಹೊಂದಾಣಿಕೆಯಿದೆ. ಸೂರ್ಯನೂ ತನ್ನ ಸುತ್ತ ತಿರುಗುತ್ತಾನೆ. ಭೂಮಿಯಿಂದ ನೋಡುವವರಿಗೆ ಒಂದು ಸುತ್ತು ಸುಮಾರು ೨೭ ದಿನಗಳಷ್ಟಾಗುತ್ತದೆ. ಒಂದು ಅಂಚಿನಲ್ಲಿ ಕಾಣಿಸಿಕೊಂಡ ಕಲೆ ಹದಿಮೂರು-ಹದಿನಾಲ್ಕು ದಿನಗಳಲ್ಲಿ ಮತ್ತೊಂದು ಅಂಚಿಗೆ ಸಾಗಿ ಮರೆಯಾಗುತ್ತದೆ. ದಿನವೂ ಅದೇ ಹೊತ್ತಿಗೆ, ಅದೇ ಅಳತೆಯ ವೃತ್ತದಲ್ಲಿ ಕಲೆಗಳ ಸ್ಥಾನವನ್ನು ಗುರುತಿಸಿ ತಾರೀಖು ಬರೆಯುತ್ತ ಹೋದರೆ, ಎರಡು ವಾರಗಳಲ್ಲಿ ಒಂದು ಮಗು ಸೂರ್ಯನ ತಿರುಗುವಿಕೆಯನ್ನು ತಾನೇ ಕಂಡುಹಿಡಿದಂತಾಗುತ್ತದೆ. ಪಠ್ಯಪುಸ್ತಕದಲ್ಲಿ ಓದಿದ ಸಂಗತಿ ಬೇರೆ, ತನ್ನ ಪೆನ್ಸಿಲಿನಿಂದ ಅಳೆದ ಸಂಗತಿ ಬೇರೆ.

ಇಂಥ ಮನೆಯ ನೋಟಕರನ್ನು ಅಲ್ಪರೆಂದು ಎಣಿಸಬೇಕಾಗಿಲ್ಲ. ಜರ್ಮನಿಯ ಡೆಸೌ ಎಂಬ ಊರಿನಲ್ಲಿ ಔಷಧದ ಅಂಗಡಿಯಿಟ್ಟಿದ್ದ ಹೈನ್ರಿಖ್ ಶ್ವಾಬೆ ಎಂಬಾತನು ೧೮೨೬ರಿಂದ ಮೋಡವಿಲ್ಲದ ದಿನಗಳಲ್ಲೆಲ್ಲ ತಪ್ಪದೆ ಸೂರ್ಯನನ್ನು ನೋಡಿದ. ಬುಧನಿಗಿಂತಲೂ ಒಳಗೊಂದು ಗ್ರಹವಿರಬಹುದು, ಅದು ಸೂರ್ಯನ ಮುಂದೆ ಹಾಯುವಾಗ ಸಿಕ್ಕೀತು ಎಂಬುದು ಅವನ ಆಸೆ. ಗ್ರಹ ಸಿಗಲಿಲ್ಲ. ಆದರೆ ಹದಿನೇಳು ವರ್ಷಗಳ ಲೆಕ್ಕವನ್ನು ಕೂಡಿಸಿದಾಗ ಕಲೆಗಳು ಒಂದು ಕ್ರಮದಲ್ಲಿ ಹೆಚ್ಚಿ ತಗ್ಗುತ್ತವೆಂಬುದು ಹೊಳೆದು, ೧೮೪೩ರಲ್ಲಿ ಅದನ್ನು ಪ್ರಕಟಿಸಿದ. ಸರಾಸರಿ ಹನ್ನೊಂದು ವರ್ಷಗಳ ಈ ಸೌರಚಕ್ರವು ಇಂದು ಎಲ್ಲರೂ ಅರಿತ ಸಂಗತಿ. ಈಗಿನ ಚಕ್ರದ ಉಬ್ಬರ ಬಂದುದು ೨೦೨೪ರಲ್ಲಿ. ಆ ವರ್ಷದ ಮೇ ತಿಂಗಳಿನಲ್ಲಿ, ನಮ್ಮ ಮಕ್ಕಳಿಗೆ ರಜೆಯಿದ್ದಾಗಲೇ, ಭೂಮಿಗಿಂತ ಸುಮಾರು ಹದಿನೈದು ಪಟ್ಟು ಉದ್ದದ ಕಲೆಗಳ ಗುಂಪೊಂದು ಸೂರ್ಯನ ಮೇಲೆ ಹಾಯ್ದುಹೋಯಿತು. ಅದರಿಂದೆದ್ದ ಸೌರಬಿರುಗಾಳಿಯ ಫಲವಾಗಿ ಮೇ ೧೦-೧೧ರ ರಾತ್ರಿ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪೇರಿತು. ಧ್ರುವಪ್ರದೇಶದ ಬಣ್ಣದ ಬೆಳಕು ಭಾರತದವರೆಗೆ ಇಳಿದುಬಂದಿತ್ತು.

ವಿದ್ಯಾನಗರದ ಮಾಳಿಗೆಯ ಮೇಲೆ ಅಜ್ಜಿ ಕಾಗದವನ್ನು ಬಿಟ್ಟು ಕದಲಿಲ್ಲ. ಸಂಡಿಗೆಯ ತಟ್ಟೆಯನ್ನು ಕಾಗೆಗಳಿಗೆ ಒಪ್ಪಿಸಿದಂತೆಯೇ ಆಗಿದೆ. ಬಹಳ ಹೊತ್ತಿನ ಮೇಲೆ ಅವಳು ಮೆಲ್ಲನೆ ಹೇಳುತ್ತಾಳೆ:

“ನಿಮ್ಮಪ್ಪ ಆವಾಗ ನನ್ನ ಹೊಟ್ಟ್ಯಾಗಿದ್ದ. ನಮ್ಮತ್ತಿಯವರು ಖಿಡಕಿ ಎಲ್ಲಾ ಮುಚ್ಚಿ ಒಳಗಿನ ಖೋಲ್ಯಾಗ ಕೂಡಿಸಿದ್ರು. ಹೊರಗ ಕತ್ತಲಾದದ್ದ ಕಾಣಲಿಲ್ಲ. ಹಕ್ಕಿ ದನಿ ನಿಂತದ್ದಷ್ಟ ಗೊತ್ತಾತು.”

ಅವಳು ನೆನೆದುದು ೧೯೮೦ನೆಯ ಇಸವಿಯ ಫೆಬ್ರುವರಿ ೧೬, ಶನಿವಾರ. ಅಂದು ಮಾಘ ಅಮಾವಾಸ್ಯೆಯ ಮಧ್ಯಾಹ್ನ ಅರಬ್ಬೀ ಸಮುದ್ರವನ್ನು ದಾಟಿ ಬಂದ ಚಂದ್ರನ ನೆರಳು ಅಂಕೋಲೆಯ ಹತ್ತಿರ ನೆಲವನ್ನು ಮುಟ್ಟಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲಿನಿಂದ ಪೂರ್ವಕ್ಕೆ ಧಾವಿಸಿತು. ಮೂರೂವರೆಗೂ ನಾಲ್ಕಕ್ಕೂ ನಡುವೆ ಹುಬ್ಬಳ್ಳಿಯಲ್ಲಿ ಸುಮಾರು ಎರಡೂವರೆ ನಿಮಿಷಗಳ ಕಾಲ ಖಗ್ರಾಸ. ವೇಣು ಬಾಪು ಅವರು ನಿರ್ದೇಶಕರಾಗಿದ್ದ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟು ಸೂರ್ಯನ ಹೊರಪ್ರಭೆಯಾದ ಕರೋನಾವನ್ನು ಅಭ್ಯಸಿಸಿದರು. ಆದರೆ ದೇಶದ ಅನೇಕ ನಗರಗಳಲ್ಲಿ ಅಂದು ಬೀದಿಗಳು ಬಿಕೋ ಎನ್ನುತ್ತಿದ್ದವು. ಕಣ್ಣಿನ ಭಯ, ಗ್ರಹಣದ ಭಯ ಎರಡೂ ಸೇರಿ ಅಸಂಖ್ಯ ಜನರನ್ನು ಕದದ ಹಿಂದೆ ಕೂಡಿಸಿದವು. ಗರ್ಭಿಣಿಯರ ಕಟ್ಟಲೆಯಂತೂ ಇನ್ನೂ ಬಿಗಿ. ನೆರಳಿನಿಂದ ಗರ್ಭಸ್ಥ ಶಿಶುವಿಗೆ ಯಾವ ಕೇಡೂ ಇಲ್ಲವೆಂದು ಹೇಳುವವರು ಆ ಮನೆಗಳಲ್ಲಿ ಇರಲಿಲ್ಲ. ಅನಂತರ ೧೯೯೫ರಲ್ಲಿ, ೧೯೯೯ರಲ್ಲಿ, ೨೦೦೯ರಲ್ಲಿ ಖಗ್ರಾಸಗಳು ಭಾರತದ ಮೇಲೆ ಹಾಯ್ದರೂ ಅವೆಲ್ಲ ಉತ್ತರಕ್ಕೆ ಸರಿದುಹೋದವು. ಹುಬ್ಬಳ್ಳಿಗೆ ಅಂಥ ಮಧ್ಯಾಹ್ನ ಮತ್ತೆ ಬಂದಿಲ್ಲ.

ಈ ನಾಡಿನವರು ಅಂದು ಬಾಗಿಲು ಹಾಕಿಕೊಂಡರೆಂಬುದು ಇನ್ನೊಂದು ಕಾರಣಕ್ಕೂ ಮನಸ್ಸನ್ನು ಚುಚ್ಚುತ್ತದೆ. ಸೂರ್ಯನ ಗುಟ್ಟುಗಳು ಬಯಲಾದ ಕೆಲವು ಬೆಳಗುಗಳನ್ನು ಕಂಡದ್ದು ಇದೇ ಕನ್ನಡದ ನೆಲ. ೧೮೬೮ರ ಆಗಸ್ಟ್ ೧೮ರ ಖಗ್ರಾಸದಂದು ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ, ಲೆಫ್ಟಿನೆಂಟ್ ಜಾನ್ ಹರ್ಷೆಲ್, ಜಮಖಂಡಿಯಲ್ಲಿ ದೂರದರ್ಶಕ ಹೂಡಿ ಕುಳಿತಿದ್ದ. ಕ್ಯಾಪ್ಟನ್ ಹೇಗ್ ವಿಜಯಪುರದಲ್ಲಿದ್ದ. ಮಳೆಗಾಲದ ಮೋಡಗಳು ಹರ್ಷೆಲನನ್ನು ಸಾಕಷ್ಟು ಕಾಡಿದವು. ಆದರೂ ಮೋಡದ ಬಿರುಕಿನಲ್ಲಿ ಸೂರ್ಯನಂಚಿನ ಕೆಂಪು ಚಾಚುಗಳನ್ನು ರೋಹಿತದರ್ಶಕದಿಂದ ನೋಡಿದಾಗ ಅಲ್ಲಿ ಪ್ರಕಾಶಮಾನವಾದ ಗೆರೆಗಳು ಕಂಡವು. ಆ ಚಾಚುಗಳು ಉರಿಯುವ ಅನಿಲವೆಂದು ಅದರಿಂದ ಸ್ಥಿರವಾಯಿತು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದ ಫ್ರೆಂಚ್ ವಿಜ್ಞಾನಿ ಜಾನ್ಸನ್ ಮರುದಿನ ಗ್ರಹಣವಿಲ್ಲದೆಯೂ ಆ ಗೆರೆಗಳನ್ನು ಕಂಡ. ಅವುಗಳಲ್ಲಿನ ಹಳದಿ ಗೆರೆ ಭೂಮಿಯಲ್ಲಿ ಅದುವರೆಗೆ ಕಾಣದ ವಸ್ತುವಿನದೆಂದು ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ತರ್ಕಿಸಿದ. ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ನಾಮಕರಣವಾಯಿತು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದುದು ೧೮೯೫ರಲ್ಲಿ. ಈ ಲಾಕಿಯರನೇ ೧೮೭೧ರ ಡಿಸೆಂಬರ್ ೧೨ರ ಖಗ್ರಾಸವನ್ನು ನೋಡಲು ತನ್ನ ತಂಡದೊಡನೆ ಬಂದು ನಿಂತುದು ಅಂದಿನ ದಕ್ಷಿಣ ಕನ್ನಡಕ್ಕೆ ಸೇರಿದ್ದ, ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಬೇಕಲ ಕೋಟೆಯಲ್ಲಿ.

ಗ್ರಹಣದ ಎರಡೂವರೆ ನಿಮಿಷಕ್ಕಾಗಿ ವರ್ಷಗಟ್ಟಲೆ ಕಾಯುವ ಕಷ್ಟವನ್ನು ತಪ್ಪಿಸಲು ಮನುಷ್ಯನು ಈಗ ಕೃತಕ ಗ್ರಹಣವನ್ನೇ ಸೃಷ್ಟಿಸಿದ್ದಾನೆ. ೨೦೨೩ರ ಸೆಪ್ಟೆಂಬರ್ ೨ರಂದು ಶ್ರೀಹರಿಕೋಟೆಯಿಂದ ಹೊರಟ ಆದಿತ್ಯ-ಎಲ್೧ ನೌಕೆಯು ೨೦೨೪ರ ಜನವರಿ ೬ರಂದು ಭೂಮಿಯಿಂದ ೧೫ ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಅದರಲ್ಲಿರುವ ಏಳು ಉಪಕರಣಗಳಲ್ಲಿ ಮುಖ್ಯವಾದುದನ್ನು ಸಿದ್ಧಪಡಿಸಿದುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅದು ಸೂರ್ಯಬಿಂಬವನ್ನು ಮರೆಮಾಡಿ ಕರೋನಾವನ್ನು ಎಡೆಬಿಡದೆ ನೋಡುತ್ತದೆ. ಇದೇ ಸಂಸ್ಥೆಗೆ ಸೇರಿದ ಕೊಡೈಕೆನಾಲಿನ ವೀಕ್ಷಣಾಲಯವು ಒಂದು ಶತಮಾನಕ್ಕೂ ಮೀರಿ ಸೂರ್ಯನ ಛಾಯಾಚಿತ್ರಗಳನ್ನು ಕೂಡಿಟ್ಟಿದೆ. ಕಾಗದ ಹಿಡಿದು ನಿಂತ ಹುಡುಗನು ಮಾಡುತ್ತಿರುವುದೂ ಸಣ್ಣ ಪ್ರಮಾಣದಲ್ಲಿ ಅದೇ ಕೆಲಸವೇ.

ದೂರದರ್ಶಕವಿಲ್ಲದ ಮನೆಯವರು ನಿರಾಶರಾಗಬೇಕಾಗಿಲ್ಲ. ಹಂಚಿನ ಮನೆಯ ಸಂದಿನಿಂದಲೋ ಹಳೆಯ ಮಾಳಿಗೆಯ ಬೆಳಕಿಂಡಿಯ ಸಣ್ಣ ರಂಧ್ರದಿಂದಲೋ ಇಳಿಯುವ ಬಿಸಿಲುಕೋಲನ್ನು ಎಲ್ಲರೂ ಕಂಡಿದ್ದಾರೆ. ರಂಧ್ರವು ಚೌಕವಾಗಿರಲಿ, ಸೊಟ್ಟಗಿರಲಿ, ಸಾಕಷ್ಟು ಸಣ್ಣದಾಗಿದ್ದರೆ ನೆಲದ ಮೇಲೆ ಬೀಳುವ ಬೆಳಕು ಮಾತ್ರ ದುಂಡಗೆ. ಅದು ರಂಧ್ರದ ಆಕಾರವಲ್ಲ, ಸೂರ್ಯನ ಬಿಂಬ. ರಂಧ್ರದಿಂದ ಮೂರು ಮೀಟರ್ ಆಚೆಗೆ ಅದರ ಅಗಲ ಮೂರು ಸೆಂಟಿಮೀಟರಿನ ಹತ್ತಿರ. ಗ್ರಹಣದಂದು ಅದೇ ಬಿಲ್ಲೆ ಕುಡುಗೋಲಿನಂತೆ ಬಾಗುತ್ತದೆ. ಬೇವಿನ ಮರದ ಕೆಳಗೆ ನೂರಾರು ಕುಡುಗೋಲುಗಳು ಒಮ್ಮೆಲೇ ಹರಡುತ್ತವೆ.

ಇನ್ನೂ ಸುಲಭವಾದ ಒಂದು ನೋಟವುಂಟು. ಪ್ರತಿವರ್ಷ ಮೇ ೨ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಸೂರ್ಯನು ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ಮಧ್ಯಾಹ್ನ ೧೨ ಗಂಟೆ ೨೬ ನಿಮಿಷದ ಹೊತ್ತಿಗೆ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ, ಬೋರಲು ಹಾಕಿದ ಲೋಟಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್ ೧೦ರ ಆಸುಪಾಸಿನಲ್ಲಿ ಮತ್ತೊಮ್ಮೆ ಈ ಯೋಗವಿದ್ದರೂ ಆಗ ಮಳೆಯ ಮೋಡಗಳು ಅಡ್ಡ ಬರುವ ಸಂಭವವೇ ಹೆಚ್ಚು. ರಜೆಯೊಳಗಿನ ಮೇ ತಿಂಗಳ ದಿನವೇ ಮಕ್ಕಳ ಪಾಲಿನದು.

ಮುಂದಿನ ಒಂದು ತಾರೀಖನ್ನು ಮನೆಯ ಗೋಡೆಯ ಮೇಲೆ ಈಗಲೇ ಬರೆದಿಡಬಹುದು. ೨೦೩೧ರ ಮೇ ೨೧ರಂದು ಕೇರಳ-ತಮಿಳುನಾಡುಗಳ ದಕ್ಷಿಣ ಭಾಗದಲ್ಲಿ ಕಂಕಣ ಸೂರ್ಯಗ್ರಹಣ. ಹುಬ್ಬಳ್ಳಿಯಲ್ಲಿ ಕಂಕಣ ಕಾಣದಿದ್ದರೂ ಬಹುಭಾಗ ಮುಚ್ಚಿದ ಸೂರ್ಯನು ಮಧ್ಯಾಹ್ನದ ಆಕಾಶದಲ್ಲಿ ಎತ್ತರವಾಗಿ ನಿಂತಿರುತ್ತಾನೆ. ಕಣ್ಣಿನ ಎಚ್ಚರಿಕೆಯೆಲ್ಲ ಅಂದೂ ಅನ್ವಯಿಸುತ್ತದೆ. ಹೆದರಿ ಒಳಗೆ ಕೂಡುವುದು ಮಾತ್ರ ಬೇಕಾಗಿಲ್ಲ.

ವಿದ್ಯಾನಗರದ ಹುಡುಗನು ಬೆರಳು ಮಡಚಿ ಲೆಕ್ಕ ಹಾಕಿ, ಅಂದಿಗೆ ಅಜ್ಜಿಯ ವಯಸ್ಸೆಷ್ಟಾಗುವುದೆಂದು ಕೂಗಿ ಹೇಳುತ್ತಾನೆ. ಅಜ್ಜಿ ನಗುತ್ತಾಳೆ. ಕಾಗದದ ಮೇಲಿನ ಬಿಂಬ ಮತ್ತೆ ಅಂಚಿಗೆ ಜಾರಿದೆ. ತಂದೆ ಅದನ್ನು ನಡುವಿಗೆ ತರುತ್ತಿದ್ದಾನೆ.

“ಈ ಸಲ ಒಳಗ ಕೂಡಂಗಿಲ್ಲ ನಾ,” ಎನ್ನುತ್ತಾಳೆ ಅವಳು. “ಇಲ್ಲೇ ಮಾಳಗಿ ಮ್ಯಾಲ ನನಗೂ ಒಂದ ಕುರ್ಚಿ ಹಾಕು, ತಮ್ಮಾ.”